ಕ್ಲಚ್ಚಿಲ್ಲದ ಕಾರಿಗೆ ಯಾಕಿಷ್ಟು ತಾತ್ಸಾರ?

ಗುಂಡ್ಲುಪೇಟೆಯಲ್ಲಿ ಊಟಿಯ ರಸ್ತೆಯೂ ವಯನಾಡಿನ ರಸ್ತೆಯೂ ಬೇರೆಯಾಗುವ ಜಾಗದ ಆಸುಪಾಸಿನಲ್ಲಿ ಕಾಫಿ ಕುಡಿಯಲು ನಿಲ್ಲುವುದು ಮೈಸೂರಿನಿಂದ ಹೊರಟವರಿಗೆ ರೂಢಿ. ಕಳೆದ ಬೇಸಿಗೆಯ ಒಂದು ಭಾನುವಾರ ಅಲ್ಲಿನ ಹೋಟೆಲೊಂದರ ಮುಂದೆ ಕೆಂಪು ಬಣ್ಣದ ಹಳೆಯ ಫೋರ್ಡ್ ಮಸ್ಟಾಂಗ್ ನಿಂತಿತ್ತು. ಸುತ್ತಲೂ ಜನ. ಅರಿಸಿನದ ಮೂಟೆ ಹೇರಿಕೊಂಡು ಬಂದಿದ್ದ ಟೆಂಪೊದ ಚಾಲಕ, ಪ್ರವಾಸಿ ಬಸ್ಸಿನ ಕ್ಲೀನರ್, ಕಾಲೇಜಿನ ಹುಡುಗರು ಎಲ್ಲರೂ ಮೊಬೈಲ್ ಹಿಡಿದು ಚಿತ್ರ ತೆಗೆಯುತ್ತಿದ್ದರು. 1966ರ ಗಾಡಿ, ವಿ-8 ಎಂಜಿನ್ನು ಎಂದು ಮಾಲೀಕರು ಹೆಮ್ಮೆಯಿಂದ ಹೇಳುತ್ತಿದ್ದರು. ಅಷ್ಟರಲ್ಲಿ ಒಬ್ಬ ಹುಡುಗ ಕಿಟಕಿಯಲ್ಲಿ ತಲೆ ತೂರಿಸಿ ನೋಡಿ, "ಏನ್ ಸಾ, ಎರಡೇ ಪೆಡಲು! ಆಟೋಮ್ಯಾಟಿಕ್ಕಾ?" ಎಂದ. ಆ ಕೊನೆಯ ಪದವನ್ನು ಅವನು ಉಚ್ಚರಿಸಿದ ಬಗೆಯಲ್ಲಿ ನಿರಾಸೆ ಸ್ಪಷ್ಟವಾಗಿತ್ತು. ಇಷ್ಟು ದೊಡ್ಡ ಗಂಡುಗಾಡಿಗೆ ಹೀಗೊಂದು ಊನವೇ ಎಂಬಂತೆ.

ಮಾಲೀಕರು ನಕ್ಕು ಸುಮ್ಮನಾದರು. ಈ ಪ್ರಶ್ನೆ ಅವರಿಗೆ ಹೊಸತಲ್ಲವೆಂದು ಕಂಡಿತು. ಆದರೆ ನನಗೆ ಸುಮ್ಮನಿರಲಾಗಲಿಲ್ಲ. ಹುಡುಗನ ಆ ಒಂದು ಪದದ ಹಿಂದೆ ಇರುವ ತಪ್ಪು ತಿಳಿವಳಿಕೆ ಅವನೊಬ್ಬನದಲ್ಲ, ನಮ್ಮೆಲ್ಲರದು. ಗೇರು ಬದಲಿಸುವುದೇ ಚಾಲನೆಯ ಮರ್ಮ, ಅದನ್ನು ಯಂತ್ರಕ್ಕೆ ಬಿಟ್ಟುಕೊಡುವವನು ಅರ್ಧ ಚಾಲಕ ಎಂಬ ನಂಬಿಕೆ ನಮ್ಮ ನಾಡಿನಲ್ಲಿ ಎಷ್ಟು ಆಳವಾಗಿದೆಯೆಂದರೆ, ಅದರ ಹಿಂದಿನ ಚರಿತ್ರೆಯನ್ನು ವಿಚಾರಿಸುವ ಗೋಜಿಗೇ ನಾವು ಹೋಗಿಲ್ಲ. ವಿಚಾರಿಸಿದರೆ ತಿಳಿಯುವುದು ಬೇರೆಯೇ ಕಥೆ.

ಮಸಲ್ ಕಾರು ಎಂದು ಪ್ರಪಂಚ ಕರೆಯುವುದು ಸಾಧಾರಣ ಗಾತ್ರದ, ಸಾಧಾರಣ ಬೆಲೆಯ ಕಾರಿಗೆ ದೊಡ್ಡ ವಿ-8 ಎಂಜಿನ್ನು ಕೂರಿಸಿ ಅಮೆರಿಕದವರು ತಯಾರಿಸಿದ ಗಾಡಿಗಳನ್ನು. ಅವುಗಳ ಸುವರ್ಣಯುಗ ಸ್ಥೂಲವಾಗಿ 1964ರಿಂದ 1972ರವರೆಗೆ. ಹೊಗೆಯ ಕಾನೂನು, ವಿಮೆಯ ಏರಿದ ದರ, ಅವುಗಳ ಹಿಂದೆಯೇ 1973ರ ತೈಲ ಬಿಕ್ಕಟ್ಟು ಸೇರಿ ಅವುಗಳ ಆಟ ಮುಗಿಸಿದವು. ಮಸ್ಟಾಂಗ್ ಈ ವರ್ಗಕ್ಕೆ ಸೇರುತ್ತದೆಯೇ ಅಥವಾ ಅದರ ತಮ್ಮನೇ ಎಂಬುದರ ಬಗ್ಗೆ ಬಲ್ಲವರಲ್ಲಿ ಜಗಳವಿದೆ. ಅದಿರಲಿ. ಈ ವಂಶದ ಮೂಲಪುರುಷನೆಂದು ಅನೇಕರು ಒಪ್ಪುವ ಗಾಡಿ 1949ರ ಓಲ್ಡ್ಸ್‌ಮೊಬಿಲ್ 'ರಾಕೆಟ್ 88'. ಹಗುರ ಮೈ, ಐದು ಲೀಟರಿನ ಹೊಸ ವಿ-8 ಎಂಜಿನ್ನು. ಅದಕ್ಕೆ ಜೋಡಿಸಿದ್ದ ಗೇರುಪೆಟ್ಟಿಗೆ ಯಾವುದು? ಹೈಡ್ರಾ-ಮ್ಯಾಟಿಕ್, ಅಂದರೆ ಪೂರ್ಣ ಸ್ವಯಂಚಾಲಿತ. 300 ಅಶ್ವಶಕ್ತಿಯೊಡನೆ ಬಂದು ಆ ಹೆಸರನ್ನೇ ಹೊತ್ತ 1955ರ ಕ್ರೈಸ್ಲರ್ ಸಿ-300 ಕಾರಿನಲ್ಲಿದ್ದದ್ದೂ ಎರಡು ವೇಗದ ಸ್ವಯಂಚಾಲಿತ ಪೆಟ್ಟಿಗೆಯೇ. ಎಂದರೆ, ಬಲಿಷ್ಠ ಅಮೆರಿಕನ್ ಕಾರಿನ ಪರಂಪರೆ ಹುಟ್ಟಿದ್ದೇ ಕ್ಲಚ್ ಪೆಡಲು ಇಲ್ಲದೆ. ಕೋಲು ಹಿಡಿದು ಗೇರು ಎಳೆಯುವ ಗತ್ತು ಅನಂತರ ಬಂದದ್ದು.

ಹೈಡ್ರಾ-ಮ್ಯಾಟಿಕ್‌ನ ಕಥೆ ಇನ್ನೂ ಹಿಂದಿನದು. ಜನರಲ್ ಮೋಟಾರ್ಸ್ ಅದನ್ನು 1939ರಲ್ಲಿ ಪ್ರಕಟಿಸಿ, 1940ರ ಮಾದರಿಯ ಓಲ್ಡ್ಸ್‌ಮೊಬಿಲ್ ಕಾರುಗಳಲ್ಲಿ 57 ಡಾಲರುಗಳ ಹೆಚ್ಚುವರಿ ಬೆಲೆಗೆ ಕೊಡತೊಡಗಿತು. ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಪೂರ್ಣ ಸ್ವಯಂಚಾಲಿತ ಗೇರುಪೆಟ್ಟಿಗೆ ಅದು. ಎರಡನೆಯ ಮಹಾಯುದ್ಧದಲ್ಲಿ ಅದನ್ನು ಹಗುರ ಟ್ಯಾಂಕುಗಳಿಗೆ ಜೋಡಿಸಿದರು. ಯುದ್ಧ ಮುಗಿದ ಮೇಲೆ, ರಣರಂಗದಲ್ಲಿ ಪರೀಕ್ಷೆಗೊಳಗಾದ ಯಂತ್ರ ಎಂಬ ಹಿರಿಮೆಯೊಂದಿಗೆ ಅದು ಮತ್ತೆ ಕಾರಿಗೆ ಮರಳಿತು. 1950ರ ದಶಕದಲ್ಲಿ ಯಾಂತ್ರಿಕ ನಯಕ್ಕೆ ಹೆಸರಾದ ರೋಲ್ಸ್-ರಾಯ್ಸ್ ಕೂಡ ಸ್ವಂತದ್ದನ್ನು ರೂಪಿಸುವ ಬದಲು ಇದನ್ನೇ ಪರವಾನಗಿ ಪಡೆದು ಬಳಸಿಕೊಂಡಿತು. ಸೋಮಾರಿಗಳಿಗಾಗಿ ಹುಟ್ಟಿದ ಆಟಿಕೆಯಲ್ಲ ಅದು.

ಸ್ವಯಂಚಾಲಿತ ಗೇರುಪೆಟ್ಟಿಗೆ ಸಾಮಾನ್ಯವಾಗಿ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ತಿಳಿದುಕೊಂಡರೆ ತಾತ್ಸಾರ ತಾನಾಗಿ ಕರಗುತ್ತದೆ. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರಾಗಿಟ್ಟು ಒಂದಕ್ಕೆ ಮಾತ್ರ ಕರೆಂಟು ಕೊಟ್ಟರೆ, ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಗಾಳಿಯ ಬದಲು ಎಣ್ಣೆ ತುಂಬಿ, ಎರಡರ ಮಧ್ಯೆ ಎಣ್ಣೆಯ ಹರಿವನ್ನು ತಿರುಗಿಸಿ ಕಳಿಸುವ ಮೂರನೆಯ ಚಕ್ರವನ್ನು ಇಟ್ಟರೆ ಅದೇ ಟಾರ್ಕ್ ಕನ್ವರ್ಟರ್. ಹರ್ಮನ್ ಫಟಿಂಗರ್ ಎಂಬ ಜರ್ಮನ್ ಎಂಜಿನಿಯರ್ 1905ರಲ್ಲಿ ಹಡಗುಗಳಿಗಾಗಿ ಇದರ ಪೇಟೆಂಟ್ ಪಡೆದ. ಗಾಡಿ ನಿಂತಲ್ಲಿಂದ ಹೊರಡುವಾಗ ಈ ಸಾಧನ ಎಂಜಿನ್ನಿನ ತಿರುಚುಬಲವನ್ನು ಹೆಚ್ಚೂಕಡಿಮೆ ಎರಡು ಪಟ್ಟಾಗಿಸಿ ಚಕ್ರಗಳತ್ತ ಕಳಿಸುತ್ತದೆ. ಅದರ ಹಿಂದೆ, ಸೂರ್ಯನ ಸುತ್ತ ಗ್ರಹಗಳು ಸುತ್ತುವಂತೆ ಒಂದು ಹಲ್ಲುಚಕ್ರದ ಸುತ್ತ ಮತ್ತೆ ಕೆಲವು ತಿರುಗುವ ಜೋಡಣೆ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸುವುದು ಎಣ್ಣೆಯ ಒತ್ತಡ. ಕಂಪ್ಯೂಟರಿಲ್ಲದ ಕಾಲದಲ್ಲಿ, ಗಾಡಿಯ ವೇಗವೆಷ್ಟು, ಚಾಲಕ ಎಷ್ಟು ಅವಸರದಲ್ಲಿದ್ದಾನೆ ಎಂಬ ಎರಡನ್ನೂ ಅಳೆದು ಲೆಕ್ಕ ಹಾಕುತ್ತಿದ್ದುದು ಕೆಲವು ಕವಾಟಗಳು, ಸ್ಪ್ರಿಂಗುಗಳು ಮತ್ತು ಎಣ್ಣೆ. ಇದನ್ನು ರೂಪಿಸಿದವರ ಬುದ್ಧಿಗೆ ಕೈಮುಗಿಯಬೇಕು.

ಈ ಕಾರಣಕ್ಕಾಗಿಯೇ, ಕಾಲು ಮೈಲಿಯ ನೇರ ಓಟದ ಸ್ಪರ್ಧೆಗಳಲ್ಲಿ ಸ್ವಯಂಚಾಲಿತ ಗಾಡಿಗಳನ್ನು ಸೋಲಿಸುವುದು ಕಷ್ಟವಾಗಿತ್ತು. ಕ್ಲಚ್ ಒದ್ದು ಗೇರು ಎಳೆಯುವ ಚಾಲಕ ಒಮ್ಮೆ ಅದ್ಭುತವಾಗಿ ಓಡಿಸಿದರೆ ಇನ್ನೊಮ್ಮೆ ತಪ್ಪುತ್ತಾನೆ; ಎಣ್ಣೆಯ ಒತ್ತಡಕ್ಕೆ ಆತಂಕವಿಲ್ಲ. ಕ್ರೈಸ್ಲರ್ ಸಂಸ್ಥೆಯ 'ಟಾರ್ಕ್‌ಫ್ಲೈಟ್' ಎಂಬ ಮೂರು ವೇಗದ ಪೆಟ್ಟಿಗೆ ಏಳು ಲೀಟರಿನ ಹೆಮಿ ಎಂಜಿನ್ನಿನ 425 ಅಶ್ವಶಕ್ತಿಯನ್ನು ತಡೆದುಕೊಂಡು ಓಟದ ಪಟ್ಟಿಯಲ್ಲಿ ಹೆಸರು ಮಾಡಿತು. ಜನರಲ್ ಮೋಟಾರ್ಸ್‌ನ ಎರಡೇ ವೇಗದ 'ಪವರ್‌ಗ್ಲೈಡ್' ರಸ್ತೆಯ ಮೇಲೆ ಮಂದವೆನಿಸಿಕೊಂಡರೂ, ಅದರ ಸರಳತೆ ಮತ್ತು ಗಟ್ಟಿತನಕ್ಕಾಗಿ ಇಂದಿಗೂ ಡ್ರ್ಯಾಗ್ ಪಂದ್ಯದವರು ಅದನ್ನು ಬಿಟ್ಟಿಲ್ಲ. 1987ರಲ್ಲಿ ಬ್ಯೂಕ್ ಕಂಪನಿ ತಯಾರಿಸಿದ ಕಡುಗಪ್ಪು ಜಿಎನ್‌ಎಕ್ಸ್ ಕಾರುಗಳ ಸಂಖ್ಯೆ 547. ಎಲ್ಲವೂ ಸ್ವಯಂಚಾಲಿತ. ಸಂಗ್ರಾಹಕರು ಇಂದು ಅವನ್ನು ಹುಡುಕಿಕೊಂಡು ಹೋಗುತ್ತಾರೆ.

ಹಾಗಿದ್ದರೆ ವಿರಳತೆಯ ಮಾತೇನು? ಇಲ್ಲಿ ಸ್ವಾರಸ್ಯವಿದೆ. ಸಾಮಾನ್ಯ ಅಮೆರಿಕನ್ ಕಾರುಗಳಲ್ಲಿ ಸ್ವಯಂಚಾಲಿತ ಗೇರು ಮಾಮೂಲಿಯಾಗಿದ್ದರೂ, ಮಸಲ್ ಕಾರುಗಳ ಮೇಲ್ತುದಿಯಲ್ಲಿ ಲೆಕ್ಕ ಗಾಡಿಯಿಂದ ಗಾಡಿಗೆ ಬದಲಾಗುತ್ತದೆ. 1969ರಲ್ಲಿ ಷೆವರ್ಲೆ ತನ್ನ ಕಮಾರೊ ಕಾರಿಗೆ ಪೂರ್ಣ ಅಲ್ಯೂಮಿನಿಯಮ್ಮಿನ ಜಡ್‌ಎಲ್-1 ಎಂಜಿನ್ನು ಕೂರಿಸಿ 69 ಗಾಡಿಗಳನ್ನು ತಯಾರಿಸಿತು. ಅವುಗಳಲ್ಲಿ 47 ಕೈಗೇರಿನವು, 22 ಸ್ವಯಂಚಾಲಿತ. 1970ರ ಪ್ಲಿಮತ್ ಹೆಮಿ ಕುಡಾ ಕನ್ವರ್ಟಿಬಲ್ಲುಗಳು 14. ಅವುಗಳಲ್ಲಿ 9 ಸ್ವಯಂಚಾಲಿತ, 5 ಕೈಗೇರಿನವು. ಮೊದಲನೆಯದರಲ್ಲಿ ಸ್ವಯಂಚಾಲಿತವೇ ವಿರಳ, ಎರಡನೆಯದರಲ್ಲಿ ಕೈಗೇರು ವಿರಳ. ಆದರೆ ಹರಾಜಿನಲ್ಲಿ ಕೈ ಮೇಲಾಗುವುದು ಬಹುಮಟ್ಟಿಗೆ ಕೈಗೇರಿನದೇ. 1971ರ ಹೆಮಿ ಕುಡಾ ಕನ್ವರ್ಟಿಬಲ್ಲೊಂದು 2014ರಲ್ಲಿ ಸಿಯಾಟಲ್‌ನ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು. ಅದು ನಾಲ್ಕು ಗೇರಿನ ಕೈಗೇರಿನ ಗಾಡಿ. ವಿರಳತೆ ಬೇರೆ, ಬಯಕೆ ಬೇರೆ. ಬೆಲೆ ಕಟ್ಟುವುದು ಎರಡನೆಯದು.

ಆ ಬಯಕೆ ಹೇಗೆ ರೂಪುಗೊಂಡಿತೆಂಬುದಕ್ಕೆ ಒಂದು ಪುಟ್ಟ ಸಾಕ್ಷ್ಯ ಸಾಕು. 1967ರ ಪೊಂಟಿಯಾಕ್ ಜಿಟಿಒ ಕಾರಿನ ಸ್ವಯಂಚಾಲಿತ ಗೇರಿಗೆ ಎರಡು ಹಾದಿಯ ಸನ್ನೆಯೊಂದನ್ನು ಜೋಡಿಸಿದರು. ಒಂದು ಹಾದಿಯಲ್ಲಿ ಸನ್ನೆಯನ್ನು ಇಟ್ಟರೆ ಗಾಡಿ ತಾನೇ ಗೇರು ಬದಲಿಸಿಕೊಳ್ಳುತ್ತದೆ. ಇನ್ನೊಂದರಲ್ಲಿ ಚಾಲಕ ತಾನೇ ಎಳೆಯಬಹುದು. ಅದಕ್ಕೆ ಬಂದ ಹೆಸರು 'ಅವನದು-ಅವಳದು'. ಯಾವ ಹಾದಿ ಯಾರದೆಂದು ವಿವರಿಸಬೇಕಾಗಿಲ್ಲ. ನಮ್ಮಲ್ಲಿಯೂ 1984ರಲ್ಲಿ ಕೈನೆಟಿಕ್ ಹೋಂಡಾ ಬಂದಾಗ ಅದನ್ನು 'ಹೆಂಗಸರ ಗಾಡಿ' ಎಂದು ಮೂಗು ಮುರಿದವರು ಕಡಿಮೆಯೇ? ಈಗ ಕೋಲಾರ ಜಿಲ್ಲೆಯ ನರಸಾಪುರದ ಕಾರ್ಖಾನೆಯಿಂದ ಗೇರಿಲ್ಲದ ಸ್ಕೂಟರುಗಳು ಹೊರಬರುತ್ತಲೇ ಇವೆ. ಹಾಲು ಹಾಕುವವರಿಂದ ಹಿಡಿದು ಪ್ರೊಫೆಸರರವರೆಗೆ ಎಲ್ಲ ಗಂಡಸರೂ ಅವನ್ನೇ ಓಡಿಸುತ್ತಾರೆ. ಗಂಡಸುತನಕ್ಕೆ ಏನೂ ಆದಂತೆ ಕಾಣೆ.

ನಮ್ಮ ದೇಶದಲ್ಲಿ ಹಳೆಯ ಸ್ವಯಂಚಾಲಿತ ಕಾರುಗಳು ವಿರಳವಾದದ್ದಕ್ಕೆ ಮಾತ್ರ ಬೇರೆಯೇ ಕಾರಣಗಳಿವೆ. ಈ ಕಥೆಯಲ್ಲಿ ಕನ್ನಡಿಗರಿಗೂ ಒಂದು ಪಾತ್ರವಿದೆ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮೋಟಾರು ಕಾರ್ಖಾನೆಯ ಯೋಜನೆ ಹಿಡಿದು ವಿದೇಶಗಳನ್ನು ಸುತ್ತಿ ಬಂದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರೊಂದಿಗೆ ಸೇರಿ, ಮೈಸೂರು ಸರ್ಕಾರದ ಬೆಂಬಲದಿಂದ ಅದನ್ನು ಬೆಂಗಳೂರಿನಲ್ಲಿ ಸ್ಥಾಪಿಸುವ ಮಾತೂ ಇತ್ತು. ಬ್ರಿಟಿಷ್ ಭಾರತ ಸರ್ಕಾರ ಒಲವು ತೋರಲಿಲ್ಲ. ಕಾರಿನ ಬದಲು 1940ರಲ್ಲಿ ಬೆಂಗಳೂರಿಗೆ ಬಂದದ್ದು ವಿಮಾನ ಕಾರ್ಖಾನೆ, ಇಂದಿನ ಎಚ್‌ಎಎಲ್. ವಾಲ್‌ಚಂದ್ ಅವರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿ, ಕ್ರೈಸ್ಲರ್ ಸಂಸ್ಥೆಯ ಡಾಡ್ಜ್, ಪ್ಲಿಮತ್, ಡಿಸೋಟೊ ಗಾಡಿಗಳನ್ನು ಅಲ್ಲಿ ಜೋಡಿಸತೊಡಗಿದರು. ನಮ್ಮ ಕಡೆಯ ಹಳಬರು ಇಂದಿಗೂ ನೆನೆಯುವ ಡಾಡ್ಜ್ ಕಾರು, ಫಾರ್ಗೊ ಲಾರಿಗಳ ಮೂಲ ಅದು.

ಆದರೆ ಇಲ್ಲಿ ಜೋಡಣೆಯಾಗುತ್ತಿದ್ದುದು ಸರಳ ಮಾದರಿಗಳು, ಸ್ಟೀರಿಂಗಿನ ಪಕ್ಕದ ಕೋಲಿನಲ್ಲಿ ಗೇರು ಹಾಕುವಂಥವು. 1950ರ ದಶಕದ ಮಧ್ಯದ ಹೊತ್ತಿಗೆ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಎರಡೂ ಭಾರತದಲ್ಲಿನ ಜೋಡಣೆ ನಿಲ್ಲಿಸಿ ಹೊರಟವು. ಆಮದಿನ ಬಾಗಿಲು ಮುಚ್ಚಿತು. ಆಮೇಲೆ ಬಂದ ಸ್ವಯಂಚಾಲಿತ ಕಾರುಗಳು ಬಹುತೇಕ ರಾಯಭಾರ ಕಚೇರಿಗಳಿಗಾಗಿ ಬಂದವು; ಅವರು ಬಳಸಿ ಬಿಟ್ಟ ಮೇಲೆ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ನಿನ ಮೂಲಕ ಸಿನಿಮಾದವರು, ಎಸ್ಟೇಟಿನವರು, ಗುತ್ತಿಗೆದಾರರು ಕೊಂಡರು. ಸಂಬಳದ ಡ್ರೈವರ್ ಸುಲಭವಾಗಿ ಸಿಗುವ, ಪೆಟ್ರೋಲು ತುಟ್ಟಿಯಾದ ದೇಶದಲ್ಲಿ ತನ್ನಷ್ಟಕ್ಕೆ ಗೇರು ಬದಲಿಸುವ, ಹೆಚ್ಚು ಎಣ್ಣೆ ಕುಡಿಯುವ ಗಾಡಿ ಯಾರಿಗೆ ಬೇಕು?

ಇದ್ದವೂ ಉಳಿಯಲಿಲ್ಲ. ಗೇರುಪೆಟ್ಟಿಗೆಯ ಒಂದು ರಬ್ಬರ್ ಸೀಲು ಹೋದರೆ ಬಿಡಿಭಾಗವಿಲ್ಲ, ಅದಕ್ಕೆಂದೇ ಇರುವ ಎಣ್ಣೆಯಿಲ್ಲ, ಪುಸ್ತಕವಿಲ್ಲ. ನಮ್ಮ ಮೆಕ್ಯಾನಿಕರು ಜಾಣರು. ಅವರಿಗೆ ತಿಳಿದದ್ದನ್ನು ಮಾಡಿದರು. ಸ್ವಯಂಚಾಲಿತ ಪೆಟ್ಟಿಗೆ ಇಳಿಸಿ ಗುಜರಿಗೆ ಹಾಕಿ, ಜೀಪಿನದೋ ಅಂಬಾಸಿಡರಿನದೋ ಗೇರುಪೆಟ್ಟಿಗೆ ಕೂರಿಸಿ, ನೆಲ ಕೊರೆದು ಕ್ಲಚ್ ಪೆಡಲು ಇಳಿಬಿಟ್ಟರು. ಎಷ್ಟೋ ಗಾಡಿಗಳಿಗೆ ವಿ-8 ಎಂಜಿನ್ನೂ ಹೋಗಿ ಡೀಸೆಲ್ ಎಂಜಿನ್ನು ಬಂತು. ಅದೇ ಅವುಗಳನ್ನು ರಸ್ತೆಯ ಮೇಲೆ ಉಳಿಸಿತೆಂಬುದೂ ನಿಜ. ಹೀಗಾಗಿ, ಅಮೆರಿಕದಲ್ಲಿ ಸಾಮಾನ್ಯವಾಗಿದ್ದದ್ದು ಇಲ್ಲಿ ಅಪರೂಪದ ವಸ್ತುವಾಯಿತು.

ಇದನ್ನು ನಾನು ಓದಿ ತಿಳಿದದ್ದಲ್ಲ. ನಮ್ಮ ಮನೆಯಲ್ಲಿಯೇ ನಡೆದದ್ದಿದೆ.

ನಮ್ಮ ದೊಡ್ಡಪ್ಪ ಲಾರಿ ಚಾಲಕರು. ಚಾಮರಾಜನಗರದ ಸುತ್ತಿನ ಕರಿಕಲ್ಲಿನ ದಿಮ್ಮಿಗಳನ್ನೂ ಗುಂಡ್ಲುಪೇಟೆಯ ಅರಿಸಿನವನ್ನೂ ಹೇರಿಕೊಂಡು ಪುಣಜನೂರು, ಹಾಸನೂರು ದಾಟಿ, ದಿಂಬಂ ಘಾಟಿನ 27 ತಿರುವುಗಳನ್ನು ಇಳಿದು ಸತ್ಯಮಂಗಲದ ಕಡೆ ಹೋಗಿಬರುತ್ತಿದ್ದವರು. ಗೇರು ಬದಲಿಸಿದ್ದು ಕೂತವರಿಗೆ ತಿಳಿಯಬಾರದು ಎಂಬುದು ಅವರ ಕಸುಬಿನ ಹೆಮ್ಮೆ. 1970ರ ದಶಕದ ಕೊನೆಯಲ್ಲಿ ಒಂದು ದಿನ ಕಲ್ಲು ಇಳಿಸುವಾಗ ಹಗ್ಗ ಜಾರಿ ದಿಮ್ಮಿ ಅವರ ಎಡಗಾಲಿನ ಮೇಲೆ ಬಿತ್ತು. ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕಾಯಿತು. ಊರುಗೋಲು ಹಿಡಿದು ಬಂದವರು ಬಸ್ ನಿಲ್ದಾಣದ ಹತ್ತಿರ ಬೀಡಿ, ಬಾಳೆಹಣ್ಣಿನ ಪೆಟ್ಟಿಗೆ ಅಂಗಡಿ ಇಟ್ಟರು. ಊಟಿಯ ಕಡೆ ಹೋಗುವ ಗಾಡಿಗಳ ಸದ್ದು ಕೇಳಿ, ಯಾವ ಗೇರಿನಲ್ಲಿದೆ ಎಂದು ಹೇಳುತ್ತ ಕೂರುತ್ತಿದ್ದರು. ಚಾಲಕನಾಗಿದ್ದವನು ಸದ್ದು ಕೇಳುವವನಾದ.

ನೀಲಗಿರಿಯ ಎಸ್ಟೇಟ್ ಮಾಲೀಕರೊಬ್ಬರ ಹಳೆಯ ಪ್ಲಿಮತ್ ಕಾರು ತಿಂಗಳಿಗೊಮ್ಮೆ ಮೈಸೂರಿಗೆ ಹೋಗುತ್ತ ಗುಂಡ್ಲುಪೇಟೆಯಲ್ಲಿ ನಿಲ್ಲುತ್ತಿತ್ತು. ರಾಯಭಾರ ಕಚೇರಿಯಿಂದ ಬಂದ ಗಾಡಿ. ಸ್ಟೀರಿಂಗು ಎಡಗಡೆಗೆ, ಹಿಂದೆ ಮೀನಿನ ರೆಕ್ಕೆಯಂಥ ಬಾಲ. ಅದರಲ್ಲಿ ಗೇರಿನ ಕೋಲೇ ಇರಲಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ರೇಡಿಯೊದ ಹಾಗೆ ಒತ್ತುವ ಗುಂಡಿಗಳು: ಆರ್, ಎನ್, ಡಿ, 2, 1. ಕ್ರೈಸ್ಲರ್ ಸಂಸ್ಥೆ 1964ರವರೆಗೆ ತನ್ನ ಟಾರ್ಕ್‌ಫ್ಲೈಟ್ ಗೇರಿಗೆ ಕೊಡುತ್ತಿದ್ದ ಗುಂಡಿಗಳು ಅವು. ಮುಂದೆ ಹೆಮಿ ಕುಡಾದಂಥ ಗಾಡಿಗಳ ಬಲವನ್ನು ಹೊತ್ತದ್ದೂ ಇದೇ ವಂಶದ ಪೆಟ್ಟಿಗೆ. ಆ ಕಾರಿನ ಚಾಲಕ ದೊಡ್ಡಪ್ಪನವರ ಹಳೆಯ ಸ್ನೇಹಿತ. ಒಂದು ಮಧ್ಯಾಹ್ನ, ಯಜಮಾನರನ್ನು ಮೈಸೂರಿನಲ್ಲಿ ಬಿಟ್ಟು ಗಾಡಿ ಖಾಲಿ ಮರಳುತ್ತಿದ್ದಾಗ, "ಬಾ, ಕೂತ್ಕೊ" ಎಂದು ಅವರನ್ನು ಚಾಲಕನ ಜಾಗದಲ್ಲಿ ಕೂರಿಸಿದರು. ಹಿಂದಿನ ಸೀಟಿನಲ್ಲಿ ನಾನು; ಆಗ ಹನ್ನೆರಡು ವರ್ಷದ ಹುಡುಗ.

ದೊಡ್ಡಪ್ಪ ಡಿ ಗುಂಡಿ ಒತ್ತಿದರು. ಬಲಗಾಲಿನಲ್ಲಿ ಎಕ್ಸಲರೇಟರ್ ಮೆಟ್ಟಿದರು. ಮೇಲುಕಾಮನಹಳ್ಳಿಯವರೆಗೆ, ಕಾಡಿನ ಅಂಚು ಕಾಣುವವರೆಗೆ ಹೋಗಿ ತಿರುಗಿ ಬಂದೆವು. ಆ ಸವಾರಿ ಕಾನೂನಿಗೆ ಒಪ್ಪಿತವಾದದ್ದಲ್ಲ ಎಂಬುದು ನನಗೆ ಗೊತ್ತಿದೆ. ಇಡೀ ದಾರಿ ಅವರು ಒಂದು ಮಾತೂ ಆಡಲಿಲ್ಲ. ಎಂಜಿನ್ನಿನ ಸದ್ದಿನಲ್ಲಿ ಗೇರು ಬದಲಾಗುವುದನ್ನು ಕಿವಿಗೊಟ್ಟು ಕೇಳುತ್ತಿದ್ದರು. ಇಳಿದ ಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು ನಿಂತು, "ಕಾಲು ಒಂದು ಕಮ್ಮಿ ಆಗಿಲ್ಲ ಕಣ್ಲಾ, ಆ ಲಾರೀಲಿ ಪೆಡಲು ಒಂದು ಜಾಸ್ತಿ ಇತ್ತು" ಎಂದರು.

ಗಾಡಿ ಮಾರುವುದಾದರೆ ತಮಗೇ ಹೇಳಬೇಕೆಂದು ಆಮೇಲೆ ಅವರು ಎಸ್ಟೇಟಿನವರಿಗೆ ಹೇಳಿಕಳಿಸಿದರು. ಹೊಲದ ಒಂದು ತುಂಡು ಮಾರಿಯಾದರೂ ಕೊಳ್ಳುವ ಆಸೆ. ಒಂದು ವರ್ಷ ಕಳೆಯುವಷ್ಟರಲ್ಲಿ ಗೇರುಪೆಟ್ಟಿಗೆ ಕೈಕೊಟ್ಟಿತು. ದೂರದ ಊರಿನ ವರ್ಕ್‌ಶಾಪೊಂದು ಎಲ್ಲರೂ ಮಾಡುವುದನ್ನೇ ಮಾಡಿತು. ಮುಂದಿನ ಸಲ ಪ್ಲಿಮತ್ ಬಂದಾಗ ಅದರಲ್ಲಿ ಮೂರು ಪೆಡಲುಗಳಿದ್ದವು. ನೆಲದಿಂದ ಜೀಪಿನ ಗೇರುಕೋಲು ಮೇಲೆದ್ದಿತ್ತು. ದೊಡ್ಡಪ್ಪ ಬಾಗಿಲು ತೆರೆದು ನೋಡಿದರು, ಮುಚ್ಚಿದರು, ಅಂಗಡಿಗೆ ಹೋಗಿ ಕೂತರು. ಸ್ನೇಹಿತ, ಕಿತ್ತು ಹಾಕಿದ್ದ ಆ ಗುಂಡಿಗಳ ಪೆಟ್ಟಿಗೆಯನ್ನು ಕಾಗದದಲ್ಲಿ ಸುತ್ತಿ ತಂದು ಅವರ ಕೈಗೆ ಕೊಟ್ಟರು. ಕಾರಿನ ವಿಷಯ ಅವರು ಮತ್ತೆ ಎತ್ತಲಿಲ್ಲ. 1996ರಲ್ಲಿ ತೀರಿಕೊಂಡರು.

ಆ ಹೊತ್ತಿಗೆ ದೇಶದಲ್ಲಿ ಒಂದೆರಡು ಸ್ವಯಂಚಾಲಿತ ಮಾದರಿಗಳು ತಲೆಹಾಕುತ್ತಿದ್ದವು. ಅವು ದೊಡ್ಡ ಊರಿನ, ದೊಡ್ಡ ಸಂಬಳದವರಿಗೆ. ನಮ್ಮವರು ಹುಮ್ಮಸ್ಸಿನಿಂದ 'ಇಂಡಿಯಾದ ಮಸಲ್ ಕಾರು' ಎಂದು ಕರೆಯುವ ಕಾಂಟೆಸ್ಸಾ 1984ರಿಂದ 2002ರವರೆಗೆ ಮಾರಾಟವಾಯಿತು. ಮೊದಮೊದಲು ಅದರ ಎಂಜಿನ್ನಿನ ಶಕ್ತಿ ಸುಮಾರು 50 ಅಶ್ವಗಳು. ಮೈ ಮಾತ್ರ ಪೈಲ್ವಾನನದು. ಇಸುಜು ಎಂಜಿನ್ನು ಬಂದು ಬಲ ಹೆಚ್ಚಿದಾಗಲೂ ಅದರ ಜೊತೆ ಬಂದದ್ದು ಐದು ಗೇರಿನ ಕೈಗೇರೇ. 2006ರ ಸುಮಾರಿಗೆ ಬೆಂಗಳೂರಿನ ಬಿಎಂಟಿಸಿ ವೋಲ್ವೊ ಬಸ್ಸುಗಳನ್ನು ಇಳಿಸಿದಾಗ, ದಿನಕ್ಕೆ ಸಾವಿರ ಸಲ ಕ್ಲಚ್ ಒತ್ತುವುದರಿಂದ ಚಾಲಕರ ಎಡಗಾಲಿಗೆ ಬಿಡುಗಡೆ ಸಿಕ್ಕಿತು. 2014ರಲ್ಲಿ ಮಾರುತಿಯ ಸೆಲೆರಿಯೊ ಬಂದ ಮೇಲೆ ಮಧ್ಯಮವರ್ಗಕ್ಕೂ ಎರಡು ಪೆಡಲಿನ ಕಾರು ಎಟುಕಿತು. ಅದರ ಒಳಗಿರುವುದು ಕೈಗೇರಿನ ಪೆಟ್ಟಿಗೆಯೇ. ಕ್ಲಚ್ಚನ್ನು ಕಾಲಿನ ಬದಲು ಯಂತ್ರ ಒತ್ತುತ್ತದೆ ಅಷ್ಟೆ. ಇನ್ನು ವಿದ್ಯುತ್ ಕಾರುಗಳಲ್ಲಿ ಗೇರು ಬದಲಿಸುವ ಪ್ರಶ್ನೆಯೇ ಬಹುಮಟ್ಟಿಗೆ ಇಲ್ಲ.

ಕೈಗೇರಿನ ಪಕ್ಷದವರ ವಾದದಲ್ಲಿಯೂ ಹುರುಳಿದೆ, ಒಪ್ಪುತ್ತೇನೆ. ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಲಹಟ್ಟಿ ಘಾಟಿನ 36 ತಿರುವುಗಳನ್ನು ಇಳಿಯುವಾಗ ಗಾಡಿಯನ್ನು ಹಿಡಿದಿಡುವುದು ಬ್ರೇಕಿಗಿಂತ ಕೆಳಗಿನ ಗೇರು. ಸ್ವಯಂಚಾಲಿತ ಗಾಡಿಯನ್ನು ಡಿಯಲ್ಲಿಯೇ ಬಿಟ್ಟು ಬ್ರೇಕ್ ಒತ್ತುತ್ತ ಇಳಿದರೆ ಬ್ರೇಕು ಕಾದು ಕೈಬಿಡುತ್ತದೆ. ಆದರೆ ಇದು ಯಂತ್ರದ ದೋಷವಲ್ಲ. ಆ ಪ್ಲಿಮತ್‌ನಲ್ಲಿ 2 ಮತ್ತು 1 ಎಂಬ ಗುಂಡಿಗಳಿದ್ದದ್ದು ಇದಕ್ಕಾಗಿಯೇ. ಇಂದಿನ ಸ್ವಯಂಚಾಲಿತ ಕಾರು ಕೊಂಡವರಲ್ಲಿ ಎಷ್ಟು ಜನ ಕೆಳಗಿನ ಗೇರು ಹಿಡಿಯುವುದನ್ನು ಕಲಿತಿದ್ದಾರೆ? ಡ್ರೈವಿಂಗ್ ಶಾಲೆಗಳು ಅದನ್ನು ಕಲಿಸುತ್ತವೆಯೇ? ಘಾಟಿ ರಸ್ತೆಗಳಲ್ಲಿ ರಜಾದಿನಗಳಂದು ಬರುವ ಗಾಡಿಗಳ ಸಾಲನ್ನು ನೋಡಿದಾಗ ಈ ಪ್ರಶ್ನೆ ಹೆದರಿಸುತ್ತದೆ.

ಇನ್ನೊಂದು ಮಾತು ಕಾನೂನಿನದು. 1988ರ ಮೋಟಾರು ವಾಹನ ಕಾಯ್ದೆ, ಅಂಗವೈಕಲ್ಯ ಇರುವವರಿಗಾಗಿ ರೂಪಿಸಿದ ಗಾಡಿಯನ್ನು 'ಇನ್‌ವ್ಯಾಲಿಡ್ ಕ್ಯಾರೇಜ್' ಎಂದು ಕರೆಯುತ್ತಿತ್ತು. 2019ರ ತಿದ್ದುಪಡಿ ಆ ಪದವನ್ನು ಬಿಟ್ಟು 'ಅಡಾಪ್ಟೆಡ್ ವೆಹಿಕಲ್' ಎಂದು ಬದಲಿಸಿತು. ಅಶಕ್ತನ ಗಾಡಿ ಎಂಬುದು ಹೋಗಿ ಹೊಂದಿಸಿದ ಗಾಡಿ ಎಂದಾಯಿತು. ಪದ ಬದಲಾಯಿಸಲು ಸಂಸತ್ತಿಗೆ ಮೂರು ದಶಕ ಹಿಡಿದರೂ, ಅದು ನನ್ನ ದೊಡ್ಡಪ್ಪ ಗುಂಡ್ಲುಪೇಟೆಯ ರಸ್ತೆಬದಿಯಲ್ಲಿ ನಿಂತು ಹೇಳಿದ ಮಾತೇ: ಕೊರತೆ ಇದ್ದದ್ದು ಮನುಷ್ಯನಲ್ಲಲ್ಲ, ಗಾಡಿಯಲ್ಲಿ.

ಹಳೆಯ ಕಾರುಗಳಿಗೂ ಈಗ ಕಾನೂನಿನ ರಕ್ಷಣೆಯಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳ ಪ್ರಕಾರ, 50 ವರ್ಷ ಮೀರಿದ, ಮೂಲರೂಪದಲ್ಲಿ ಉಳಿಸಿಕೊಂಡ ಗಾಡಿಗಳನ್ನು ವಿಂಟೇಜ್ ಎಂದು 'ವಿಎ' ಸರಣಿಯ ಸಂಖ್ಯೆಯಡಿ ನೋಂದಾಯಿಸಬಹುದು. ಚಾಸಿ, ಮೈಕಟ್ಟು, ಎಂಜಿನ್ನು ಬದಲಾಗಿರಬಾರದೆಂದು ನಿಯಮ ಹೇಳುತ್ತದೆ. ಗೇರುಪೆಟ್ಟಿಗೆಯನ್ನು ಹೆಸರಿಸಿ ಹೇಳುವುದಿಲ್ಲ. ನಮ್ಮ ದೇಶದಲ್ಲಿ ಹಳೆಯ ಅಮೆರಿಕನ್ ಕಾರುಗಳು ಕಳೆದುಕೊಂಡದ್ದು ಮೊಟ್ಟಮೊದಲು ಅದನ್ನೇ ಎಂಬುದನ್ನು ನೆನೆದರೆ, ಈ ಮೌನ ಸಣ್ಣ ವಿಷಯವಲ್ಲ. ಮೂಲ ಗೇರುಪೆಟ್ಟಿಗೆ ಉಳಿಸಿಕೊಂಡ ಗಾಡಿಯನ್ನು ನಿಯಮಗಳು ಬೇರೆಯಾಗಿ ಗುರುತಿಸಬೇಕು. ಶ್ರೀರಂಗಪಟ್ಟಣದ ಬಳಿಯ 'ಪಯಣ' ಕಾರು ಸಂಗ್ರಹಾಲಯದಂಥ ಕಡೆ ಮಕ್ಕಳು ಹಳೆಯ ಕಾರುಗಳ ಮೈಬಣ್ಣಕ್ಕೆ ಬೆರಗಾಗುತ್ತಾರೆ. ಯಾವ ಗಾಡಿಯ ಹೊಟ್ಟೆಯಲ್ಲಿ ಯಾವ ಗೇರು ಇದೆ, ಅದು ಹೇಗೆ ಯೋಚಿಸುತ್ತದೆ ಎಂಬುದನ್ನು ಸೀಳಿ ತೋರಿಸುವ ಒಂದು ಮಾದರಿ ನಮ್ಮ ಯಾವುದಾದರೂ ಸಂಗ್ರಹಾಲಯದಲ್ಲಿ ಇದ್ದರೆ ಅವರ ಬೆರಗು ಇನ್ನೂ ಹೆಚ್ಚೀತು. ಬಿಡದಿಯಲ್ಲಿ 2004ರಿಂದ ಜಗತ್ತಿನ ಬೇರೆ ಬೇರೆ ದೇಶಗಳಿಗೆ ಗೇರುಪೆಟ್ಟಿಗೆಗಳನ್ನು ತಯಾರಿಸಿ ಕಳಿಸಿರುವ ನಾಡು ನಮ್ಮದು. ನಮ್ಮ ಐಟಿಐಗಳ ಹುಡುಗರಿಗೆ ಒಂದು ಹಳೆಯ ಸ್ವಯಂಚಾಲಿತ ಪೆಟ್ಟಿಗೆಯನ್ನು ಬಿಚ್ಚಿ ಜೋಡಿಸುವುದು ಕಲಿಸಲಾಗದ ವಿದ್ಯೆಯೇನಲ್ಲ.

ಅಂದು ಹೋಟೆಲಿನ ಮುಂದೆ, ಮಸ್ಟಾಂಗ್ ಮಾಲೀಕರ ಪರವಾಗಿ ನಾನೇ ಆ ಹುಡುಗನಿಗೆ ಇದರಲ್ಲಿ ಅರ್ಧದಷ್ಟನ್ನು ಹೇಳಿದೆ. ಅವನು ತಾಳ್ಮೆಯಿಂದ ಕೇಳಿ, "ಹಂಗಾದ್ರೆ ಇದ್ನ ಯಾರ್ ಬೇಕಾದ್ರೂ ಓಡುಸ್ಬೋದಾ ಸಾ?" ಎಂದ. ಹೌದು ಎಂದೆ. ಮಾಲೀಕರು ಗಡಿಯಾರ ನೋಡಿಕೊಂಡು ಹೊರಟರು. ಅವರು ಊಟಿ ಮುಟ್ಟಿ, ಮರುದಿನ ರಾತ್ರಿ 9ಕ್ಕೆ ಬಂಡೀಪುರದ ದಾರಿ ಮುಚ್ಚುವ ಮೊದಲು ಹಿಂದಿರುಗಬೇಕಿತ್ತು. ಇಳಿಯುವಾಗ ಕೆಳಗಿನ ಗೇರು ಹಿಡಿಯಿರಿ ಎಂದೆ. ಗೊತ್ತು ಎಂಬಂತೆ ತಲೆಯಾಡಿಸಿದರು.

ದೊಡ್ಡಪ್ಪನವರ ಗುಂಡಿಗಳ ಪೆಟ್ಟಿಗೆ ಈಗಲೂ ನಮ್ಮ ಹಳೆಯ ಮನೆಯ ಅಟ್ಟದ ಮೇಲಿದೆ. ಕ್ರೋಮಿನ ಹೊಳಪು ಹೋಗಿದೆ. ಡಿ ಗುಂಡಿ ಮಾತ್ರ ಬಳಸಿ ಬಳಸಿ ನುಣುಪಾಗಿದೆ. ಒತ್ತಿದರೆ ಇಂದಿಗೂ ಸಣ್ಣಗೆ ಸದ್ದು ಮಾಡಿ ಒಳಗೆ ಹೋಗುತ್ತದೆ. ಆ ಕಾಲದ ಪ್ಲಿಮತ್ ಒಂದನ್ನು ಅದರ ಮೂಲರೂಪಕ್ಕೆ ತರಲು ಈ ನಾಡಿನಲ್ಲಿ ಯಾರಾದರೂ ಹೊರಟಿದ್ದರೆ, ಅದನ್ನು ಅವರಿಗೆ ಕೊಡಲು ನಾನು ಸಿದ್ಧ. ಬೆಲೆಯೇನೂ ಬೇಡ. ಎಡಗಾಲಿಲ್ಲದ ಒಬ್ಬರನ್ನು ಒಮ್ಮೆಯಾದರೂ ಅದರ ಮುಂದೆ ಕೂರಿಸಿ ಕಾಡಿನ ಅಂಚಿನವರೆಗೆ ಕಳಿಸಿಕೊಟ್ಟರೆ ಸಾಕು, ಈ ಸಲ ಕಾನೂನುಬದ್ಧವಾಗಿ.